ಕಾರಿನ ರೇಡಿಯೋಗೆ ಹೊಸ ಕಂಠ

ಕನ್ನಡ ಪಾಠ ಹೇಳುವ ಮೇಷ್ಟರಿಗೂ ಕಾರಿನ ಬಾಗಿಲೊಳಗಿನ ಸ್ಪೀಕರಿಗೂ ಏನು ನಂಟು ಎಂದು ತಾವು ಕೇಳಬಹುದು. ಆ ನಂಟು ಬೆಳೆದದ್ದು ಒಂದೇ ಒಂದು ಅಕ್ಷರದಿಂದ.

ಕಳೆದ ಶ್ರಾವಣದಲ್ಲಿ ನನ್ನ ತಾಯಿಯವರನ್ನು ಕೂರಿಸಿಕೊಂಡು ಮೈಸೂರಿನಿಂದ ನಂಜನಗೂಡಿಗೆ ಹೋಗುತ್ತಿದ್ದೆ. ಕಾರಿನ ರೇಡಿಯೋದಲ್ಲಿ ಗಮಕ ವಾಚನ ಬರುತ್ತಿತ್ತು. ಯುದ್ಧದ ಪ್ರಸಂಗ. ನಡುವೆ ತಾಯಿಯವರು, "ಈಗ ಅವರು ಅಂದದ್ದು ಶರವೋ, ಸರವೋ?" ಎಂದರು. "ಶರ, ಅಮ್ಮ. ಬಾಣ" ಎಂದೆ. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ಅಂಥದೇ ಪ್ರಶ್ನೆ, ಮತ್ತೆ ಉತ್ತರ. ಕಡೆಗೆ, "ನಿಲ್ಲಿಸಿಬಿಡಪ್ಪ. ನನ್ನ ಕಿವಿ ಹೋಯಿತು. ಬರೀ ಗದ್ದಲ ಕೇಳಿಸುತ್ತೆ" ಎಂದು ಕಣ್ಣು ಮುಚ್ಚಿಕೊಂಡರು. ಎಪ್ಪತ್ತೆಂಟು ವರ್ಷದ ಜೀವ. ಜೀವಮಾನವೆಲ್ಲ ರೇಡಿಯೋ ಕೇಳಿಕೊಂಡು ಅಡಿಗೆ ಮಾಡಿದವರು. ಆ ಮಾತು ನನಗೆ ಚೆನ್ನಾಗಿ ನಾಟಿತು.

ಆದರೆ ಮಾರನೆಯ ಬೆಳಗ್ಗೆ ಮನೆಯಲ್ಲಿ ಮೇಜಿನ ಮೇಲಿನ ಹಳೆಯ ರೇಡಿಯೋ ಮುಂದೆ ಕುಳಿತು ಅದೇ ತಾಯಿಯವರು ಚಿಂತನದ ಮಾತುಗಳನ್ನೆಲ್ಲ ಕೇಳಿ, ಅದರಲ್ಲಿ ಬಂದ ಒಂದು ಸುಭಾಷಿತದ ಅರ್ಥವನ್ನು ನನಗೇ ಬಿಡಿಸಿ ಹೇಳಿದರು! ಹಾಗಾದರೆ ಹೋದದ್ದು ಕಿವಿ ಮಾತ್ರವಲ್ಲ. ಕಾರಿನಲ್ಲೂ ಏನೋ ಹೋಗಿದೆ, ಅಥವಾ ಮೊದಲಿನಿಂದಲೇ ಇಲ್ಲ. ಅದೇನೆಂದು ಹುಡುಕುತ್ತ ಹೊರಟವನಿಗೆ ದೊರೆತ ತಿಳಿವಳಿಕೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಕಾರಿನ ಒಳಗಣ ರೂಪ ಒಂದಿಷ್ಟೂ ಕೆಡದಂತೆ, ತಯಾರಕರು ಕೊಟ್ಟ ಜಾಲರಿಯ ಹಿಂದೆಯೇ ಒಳ್ಳೆಯ ದನಿಯನ್ನು ಕೂರಿಸುವ ಬಗೆ ಇದರ ವಿಷಯ.

ಸ್ಪೀಕರು ಮಾತನಾಡುವ ಬಗೆ

ಸ್ಪೀಕರಿನ ಅಂಗರಚನೆ ಬಹಳ ಸರಳವಾದದ್ದು. ಹಿಂಬದಿಯಲ್ಲಿ ಒಂದು ಅಯಸ್ಕಾಂತ. ಅದರ ಸಂದಿಯಲ್ಲಿ ತೂಗಾಡುವ ತೆಳುತಂತಿಯ ಒಂದು ಸುರುಳಿ. ಆ ಸುರುಳಿಗೆ ಅಂಟಿಸಿದ ಆಲಿಕೆಯಾಕಾರದ ಕಾಗದದ ಶಂಕು. ರೇಡಿಯೋದಿಂದ ಬರುವ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಅದೂ ಒಂದು ಅಯಸ್ಕಾಂತವಾಗಿ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಜೊತೆಗೆ ಶಂಕುವೂ ನಡುಗುತ್ತದೆ. ಶಂಕುವಿನ ಮುಂದಿನ ಗಾಳಿ ನಡುಗುತ್ತದೆ. ಆ ನಡುಕವೇ ನಮ್ಮ ಕಿವಿಗೆ ಶಬ್ದವಾಗಿ ತಲುಪುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ಇದನ್ನು ಒಂದು ವ್ಯವಸ್ಥಿತ ರೂಪಕ್ಕೆ ತಂದು ಪ್ರಕಟಿಸಿದರು. ಇಂದಿಗೂ ನಮ್ಮ ಮನೆಯ, ಕಾರಿನ, ಸಭಾಭವನದ ಸ್ಪೀಕರುಗಳೆಲ್ಲ ಬಹುಪಾಲು ಅದೇ ವಂಶಕ್ಕೆ ಸೇರಿದವು. ಗ್ಯಾಲ್ವಿನ್ ಸೋದರರು 'ಮೋಟರೋಲಾ' ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದದ್ದು 1930ರಲ್ಲಿ. ಐದೇ ವರ್ಷದೊಳಗೆ ಈ ಶಂಕು ಮನೆಯ ಹಜಾರದಿಂದ ರಸ್ತೆಗೆ ಇಳಿಯಿತು ಎಂದಾಯಿತು.

ಕಾರಿನೊಡನೆ ಬರುವ ಸ್ಪೀಕರು ಕೆಟ್ಟದ್ದೆಂದು ಹಳಿಯುವುದು ನ್ಯಾಯವಲ್ಲ. ಬಿಸಿಲು, ಮಳೆ, ಧೂಳು, ದಿನಕ್ಕೆ ಹತ್ತು ಬಾರಿ ಬಾಗಿಲು ಬಡಿಯುವ ಪೆಟ್ಟು, ಇಷ್ಟನ್ನೂ ಅದು ವರ್ಷಗಟ್ಟಲೆ ತಾಳಬೇಕು. ತೂಕ ಕಡಿಮೆಯಿರಬೇಕು, ಬೆಲೆಯೂ ಕಡಿಮೆಯಿರಬೇಕು. ಆದ್ದರಿಂದ ಪ್ಲಾಸ್ಟಿಕ್ಕಿನ ಚೌಕಟ್ಟು, ಚಿಕ್ಕ ಅಯಸ್ಕಾಂತ, ಹಗುರವಾದ ಕಾಗದದ ಶಂಕು. ಹಗುರವಾಗಿರುವುದರಿಂದ ಅದು ಸ್ವಲ್ಪ ಶಕ್ತಿಗೇ ಗಟ್ಟಿಯಾಗಿ ನುಡಿಯುತ್ತದೆ ಎಂಬ ಗುಣವೂ ಉಂಟು. ಆದರೆ ಅಗ್ಗದ ಕಾರುಗಳಲ್ಲಿ ಮೃದಂಗದ ಗುಂಕಾರದಿಂದ ಹಿಡಿದು ಸಕಾರದ ಸೀತ್ಕಾರದವರೆಗೆ ಎಲ್ಲವನ್ನೂ ಆ ಒಂದೇ ಶಂಕು ಹೇಳಬೇಕಾಗುತ್ತದೆ. ಒಬ್ಬನೇ ನಟ ಭೀಮನನ್ನೂ ಉತ್ತರಕುಮಾರನನ್ನೂ ಅಭಿನಯಿಸಿದ ಹಾಗೆ. ಯಾವುದಾದರೊಂದು ಪಾತ್ರ ಸೊರಗಲೇಬೇಕು.

ಸಕಾರ ಎಲ್ಲಿ ಕಳೆದುಹೋಗುತ್ತದೆ?

ಮನುಷ್ಯನ ಕಿವಿ ಎಳೆಯ ವಯಸ್ಸಿನಲ್ಲಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲದು. ನಮ್ಮ ಸ್ವರಾಕ್ಷರಗಳ, ಅಂದರೆ ಅ ಆ ಇ ಈಗಳ ಬಲವೆಲ್ಲ ಇದರ ಕೆಳಭಾಗದಲ್ಲಿ, ಹೆಚ್ಚಾಗಿ 3,000 ಕಂಪನಗಳೊಳಗೆ ಇರುತ್ತದೆ. ಮಾತಿನ ಗಾತ್ರ ಸ್ವರದಿಂದ. ಮಾತಿನ ಗುರುತು ವ್ಯಂಜನದಿಂದ. ವ್ಯಂಜನಗಳಲ್ಲಿಯೂ ಶ, ಷ, ಸಗಳೆಂಬ ಊಷ್ಮಾಕ್ಷರಗಳು ಬಹಳ ಮೇಲೆ ವಾಸಿಸುತ್ತವೆ. ಶಕಾರದ ಬಲ 3,000ದ ಆಸುಪಾಸಿನಲ್ಲಿ ತೊಡಗಿದರೆ, ಸಕಾರದ್ದು 5,000ವನ್ನೂ ದಾಟಿ 8,000ದವರೆಗೆ ಮತ್ತು ಅದರ ಆಚೆಗೆ ಹರಡಿರುತ್ತದೆ. ಈ ಮೇಲಿನ ಭಾಗವನ್ನು ಕತ್ತರಿಸಿಬಿಟ್ಟರೆ ಶರಕ್ಕೂ ಸರಕ್ಕೂ ಭೇದ ತಿಳಿಯದು. ಸುಮಾರು 3,400 ಕಂಪನಗಳಿಗೆ ಮೇಲಿನದನ್ನು ಬಿಟ್ಟುಬಿಡುತ್ತಿದ್ದ ಹಳೆಯ ತಂತಿಯ ಟೆಲಿಫೋನಿನಲ್ಲಿ ಹೆಸರು ಹೇಳುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗುತ್ತಿದ್ದುದು ತಮಗೆ ನೆನಪಿರಬಹುದು. ಕಾರಣ ಇದೇ.

ಇನ್ನು ಕಾರಿನ ವಿಷಯ. ಬಾಗಿಲಿನ ಸ್ಪೀಕರು ಸಾಮಾನ್ಯವಾಗಿ ಆರೂವರೆ ಅಂಗುಲದ್ದು, ಎಂದರೆ 16 ಸೆಂಟಿಮೀಟರಿಗೆ ತುಸು ಹೆಚ್ಚು. 6,000 ಕಂಪನಗಳ ಶಬ್ದದ ಅಲೆಯ ಉದ್ದವಾದರೋ 6 ಸೆಂಟಿಮೀಟರಿಗೂ ಕಡಿಮೆ. ಶಂಕು ಅಲೆಗಿಂತ ದೊಡ್ಡದಾದಾಗ ಶಬ್ದ ಸುತ್ತಲೂ ಹರಡದೆ, ಬ್ಯಾಟರಿ ದೀಪದ ಬೆಳಕಿನಂತೆ ನೇರವಾಗಿ ಮುಂದಕ್ಕೆ ಹೋಗುತ್ತದೆ. ಬಾಗಿಲಿನ ಸ್ಪೀಕರಿನ ಮುಂದೆ ಏನಿದೆ? ನಮ್ಮ ಮೊಣಕಾಲು! ಕಷ್ಟಪಟ್ಟು ಹೊರಟ ಸಕಾರವೆಲ್ಲ ಪಂಚೆಯಲ್ಲಿ, ಸೀರೆಯ ನೆರಿಗೆಯಲ್ಲಿ, ಸೀಟಿನ ಬಟ್ಟೆಯಲ್ಲಿ ಅಡಗಿಹೋಗುತ್ತದೆ. ಮೇಲಾಗಿ ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಇದೇ ಮೇಲಿನ ಕಂಪನಗಳನ್ನು. ಹೀಗೆ ನಮ್ಮ ತಾಯಿಯವರಿಗೆ ಎರಡು ನಷ್ಟಗಳು ಒಟ್ಟಿಗೆ ಒದಗಿದ್ದವು. ಒಂದು ವಯಸ್ಸಿನ ಕೊಡುಗೆ. ಇನ್ನೊಂದು ಕಾರಿನ ಕೊಡುಗೆ. ಎರಡನೆಯದನ್ನಾದರೂ ನಾವು ತಿದ್ದಬಹುದು.

ಪ್ರಸಾರದ ಬಗೆಗೂ ಒಂದು ಮಾತು. ಎಫ್‌.ಎಂ. ಪ್ರಸಾರ 15,000 ಕಂಪನಗಳವರೆಗಿನ ಶಬ್ದವನ್ನು ಹೊತ್ತು ತರಬಲ್ಲದು. ಮಧ್ಯಮ ತರಂಗದ ಮಾಮೂಲಿ ಪ್ರಸಾರದಲ್ಲಿ ನಮ್ಮ ದೇಶದ ನಿಲಯಗಳ ನಡುವಣ ಅಂತರವೇ 9,000 ಕಂಪನಗಳಾದ್ದರಿಂದ ನಮ್ಮ ರೇಡಿಯೋಗೆ ದಕ್ಕುವುದು ಅದರ ಅರ್ಧದ ಆಸುಪಾಸು. ಬಾವಿಯಲ್ಲಿ ಇಲ್ಲದ್ದು ಬಿಂದಿಗೆಗೆ ಬಾರದು. ಒಂದೇ ಕಾರ್ಯಕ್ರಮ ಎರಡರಲ್ಲೂ ಬರುತ್ತಿದ್ದರೆ ಎಫ್‌.ಎಂ. ಅನ್ನೇ ಆರಿಸಿಕೊಳ್ಳಿ.

ಒಂದು ಹಳೆಯ ತಪ್ಪು

ಇಲ್ಲಿ ನನ್ನ ಹಿಂದಿನ ಕಾರಿನ ಕಥೆಯನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಹಲವು ವರ್ಷಗಳ ಹಿಂದೆ ಮಗನ ಒತ್ತಾಯಕ್ಕೆ ಮಣಿದು ಆ ಕಾರನ್ನು ಒಂದು ಅಂಗಡಿಗೆ ಬಿಟ್ಟೆ. ಅವರು ಬಾಗಿಲಿನ ಒಳಹಲಗೆಯನ್ನು ಗರಗಸದಿಂದ ಕೊಯ್ದು, ನೀಲಿ ದೀಪ ಮಿನುಗುವ ದೊಡ್ಡ ಸ್ಪೀಕರುಗಳನ್ನು ಕೂರಿಸಿದರು. ಹಳೆಯ ತಂತಿಗಳನ್ನು ಕತ್ತರಿಸಿ ಹೊಸದಕ್ಕೆ ಹೊಸೆದು ಟೇಪು ಸುತ್ತಿದರು. ಬಾಗಿಲೊಳಗಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತು ಬಿಸಾಡಿದರು. ಅದೊಂದು ಪೊಟ್ಟಣದ ಕಾಗದವೆಂದು ಅವರು ಭಾವಿಸಿದಂತಿತ್ತು. ಮೊದಲ ವಾರ ಮನೆಯವರೆಲ್ಲ ಹಿಗ್ಗಿದರು. ಮುಂಗಾರು ಹಿಡಿದ ಮೇಲೆ ಬಾಗಿಲೊಳಗಿನಿಂದ ನೀರು ಸೋರಿ ಕಾಲಡಿಯ ಹಾಸು ನೆನೆದು ನಾರತೊಡಗಿತು. ಮರದ ಪುಡಿಯ ಹಲಗೆಯಿಂದ ಮಾಡಿದ್ದ ಉಂಗುರ ಇಡ್ಲಿಯಂತೆ ಉಬ್ಬಿತು. ಕಾರನ್ನು ಮಾರುವಾಗ ಕೊಳ್ಳುವವನು ಮಾತನಾಡದೆ ಆ ತೂತನ್ನೇ ಬೆರಳಿನಿಂದ ತೋರಿಸಿದ. ನಾನು ಮಾತನಾಡದೆ ಬೆಲೆ ಇಳಿಸಿದೆ. ಇಷ್ಟಾಗಿಯೂ ಅದರಲ್ಲಿ ವಾರ್ತೆ ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಢಂ ಢಂ ಎನ್ನುವುದು ಮಾತ್ರ ಪಕ್ಕದ ಬೀದಿಗೂ ಕೇಳಿಸುತ್ತಿತ್ತು.

ಅಂಗಡಿಯವರದಷ್ಟೇ ನನ್ನದೂ ತಪ್ಪು. ನನಗೆ ಬೇಕಾದದ್ದು ಏನೆಂದು ನಾನು ಹೇಳಿರಲಿಲ್ಲ. ಈ ಬಾರಿ ಮೂರು ನಿಯಮಗಳನ್ನು ಹಾಕಿಕೊಂಡೆ: ಕಾರಿನ ಯಾವ ಭಾಗವನ್ನೂ ಕೊಯ್ಯಕೂಡದು, ಯಾವ ತಂತಿಯನ್ನೂ ಕತ್ತರಿಸಕೂಡದು, ಮಾಡಿದ ಕೆಲಸವನ್ನೆಲ್ಲ ಒಂದು ಮಧ್ಯಾಹ್ನದಲ್ಲಿ ಮೊದಲಿನ ಸ್ಥಿತಿಗೆ ತರುವಂತಿರಬೇಕು. ಈ ನಿಯಮಗಳಿಂದ ರೂಪವೂ ಉಳಿಯುತ್ತದೆ, ಕಿಸೆಯೂ ಉಳಿಯುತ್ತದೆ.

ಕೊಳ್ಳುವ ಮುನ್ನ

ಮೊದಲ ಕೆಲಸಕ್ಕೆ ಕಾಸು ಬೇಡ. ರೇಡಿಯೋದ ಹೊಂದಾಣಿಕೆಗಳನ್ನು ನೋಡಿ. ಎಷ್ಟೋ ಕಾರುಗಳಲ್ಲಿ ಮಂದ್ರವನ್ನು ಪೂರ್ತಿ ಏರಿಸಿ, ತಾರವನ್ನು ಇಳಿಸಿ, ಶಬ್ದವನ್ನೆಲ್ಲ ಹಿಂದಿನ ಸೀಟಿಗೆ ತಳ್ಳಿರುತ್ತಾರೆ. ಎಲ್ಲವನ್ನೂ ನಡುವೆ ತಂದು ಒಂದು ವಾರ ಕೇಳಿ. ಆಮೇಲೆ ನಾಲ್ಕು ಬಾಗಿಲುಗಳಲ್ಲಿ ಒಂದೊಂದನ್ನೇ ನುಡಿಸಿ, ಕರಕರ ಎನ್ನುವುದು ಯಾವುದೆಂದು ಗುರುತಿಸಿ. ಒಂದೇ ಸ್ಪೀಕರಿನ ಶಂಕು ಹರಿದಿದ್ದರೆ, ಅಥವಾ ಒಂದು ತಿರುಪು ಸಡಿಲವಾಗಿದ್ದರೆ, ಅಷ್ಟರಿಂದಲೇ ಕಾರ್ಯ ಮುಗಿದೀತು.

ಅಷ್ಟರಿಂದ ತೃಪ್ತಿಯಾಗದಿದ್ದರೆ ಅಳತೆ ತೆಗೆಯಿರಿ. ಸ್ಪೀಕರಿನ ಅಗಲವೊಂದನ್ನೇ ತಿಳಿದರೆ ಸಾಲದು, ಆಳವನ್ನೂ ತಿಳಿಯಬೇಕು. ಬಾಗಿಲಿನ ಗಾಜನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರು ಕೂರುವ ಜಾಗದಿಂದ ಗಾಜಿಗೆ ಎಷ್ಟು ದೂರವಿದೆ ಎಂದು ನೋಡಬೇಕು. ಒಳ್ಳೆಯ ಸ್ಪೀಕರುಗಳ ಅಯಸ್ಕಾಂತ ದಪ್ಪ. ಇಳಿದು ಬರುವ ಗಾಜು ಅದಕ್ಕೆ ತಾಗಿದರೆ ಗಾಜಿಗೂ ಕೇಡು, ಸ್ಪೀಕರಿಗೂ ಕೇಡು. ಹಾಗೆಯೇ ಶಂಕು ಮುಂದಕ್ಕೆ ಬಂದಾಗ ಹೊರಗಣ ಜಾಲರಿಗೆ ತಾಗಬಾರದು.

ಮೂರನೆಯದಾಗಿ, ಪೆಟ್ಟಿಗೆಯ ಮೇಲೆ ಅಚ್ಚು ಮಾಡಿದ ವಾಟುಗಳ ಸಂಖ್ಯೆಗೆ ಮರುಳಾಗಬೇಡಿ. ಕಾರಿನ ರೇಡಿಯೋ ಮೇಲೆ 50 ವಾಟು ಎಂದು ಬರೆದಿದ್ದರೂ ಅದು ಒಂದೊಂದು ಸ್ಪೀಕರಿಗೆ ಎಡೆಬಿಡದೆ ಕೊಡಬಲ್ಲದ್ದು ಸಾಮಾನ್ಯವಾಗಿ 15ರಿಂದ 20 ವಾಟು. ಆದ್ದರಿಂದ 300 ವಾಟು ಎಂದು ಹೆಮ್ಮೆಪಡುವ ಸ್ಪೀಕರನ್ನು ಅದಕ್ಕೆ ಕಟ್ಟಿದರೆ, ಎತ್ತಿನ ಗಾಡಿಗೆ ಆನೆಯನ್ನು ಹತ್ತಿಸಿದಂತಾಗುತ್ತದೆ. ತಾವು ನೋಡಬೇಕಾದದ್ದು ಅದರ ಸಂವೇದನಶೀಲತೆಯನ್ನು, ಎಂದರೆ ಇಷ್ಟು ಶಕ್ತಿಗೆ ಎಷ್ಟು ಗಟ್ಟಿಯಾಗಿ ನುಡಿಯುತ್ತದೆ ಎಂಬುದನ್ನು. ಇದನ್ನು ಡೆಸಿಬೆಲ್ಲಿನಲ್ಲಿ ಹೇಳುತ್ತಾರೆ. 91 ಡೆಸಿಬೆಲ್ಲಿನ ಸ್ಪೀಕರಿನಷ್ಟೇ ಗಟ್ಟಿಯಾಗಿ ನುಡಿಯಲು 88ರದ್ದು ಎರಡರಷ್ಟು ಶಕ್ತಿಯನ್ನು ಬೇಡುತ್ತದೆ. ಮೂರೇ ಮೂರು ಅಂಕಿಗಳ ಮಹಿಮೆ ಇದು. ಬೇರೆ ಆಂಪ್ಲಿಫೈಯರು ಹಾಕುವ ಇಚ್ಛೆಯಿಲ್ಲದವರು 90ರ ಮೇಲಿನದನ್ನು ಹುಡುಕುವುದು ಲೇಸು. ವಿದ್ಯುತ್ತಿಗೆ ಸ್ಪೀಕರು ಒಡ್ಡುವ ತಡೆಯನ್ನು ಓಮುಗಳಲ್ಲಿ ಬರೆದಿರುತ್ತಾರೆ. ಬಹುಪಾಲು ಕಾರುಗಳಲ್ಲಿ ಅದು 4 ಓಮು. ಕೆಲವಲ್ಲಿ 2 ಓಮು ಇರುವುದುಂಟು. ಹಳೆಯದರ ಬೆನ್ನಿನ ಮೇಲೆ ಏನಿದೆಯೋ ಅದಕ್ಕೆ ಹೊಂದುವುದನ್ನೇ ಕೊಳ್ಳಬೇಕು. 4 ಓಮಿಗೆಂದು ಮಾಡಿದ ರೇಡಿಯೋಗೆ 2 ಓಮಿನದನ್ನು ಕಟ್ಟಿದರೆ ಅದು ಮಿತಿಮೀರಿ ಬಿಸಿಯಾದೀತು.

ಕಡೆಯದಾಗಿ ಜಾತಿ. ಎರಡು ಬಗೆಗಳಿವೆ. ದೊಡ್ಡ ಶಂಕುವಿನ ನಡುವೆಯೇ ಸಣ್ಣದೊಂದನ್ನು ಕೂರಿಸಿದ್ದು ಒಂದು. ಅದನ್ನು ಕೋಆಕ್ಸಿಯಲ್ ಎನ್ನುತ್ತಾರೆ. ದೊಡ್ಡದನ್ನೂ ಸಣ್ಣದನ್ನೂ ಬೇರೆ ಬೇರೆ ಮಾಡಿ, ನಡುವೆ ಮಂದ್ರವನ್ನು ದೊಡ್ಡದಕ್ಕೂ ತಾರವನ್ನು ಸಣ್ಣದಕ್ಕೂ ಹಂಚುವ ಕ್ರಾಸ್‌ಓವರ್ ಎಂಬ ಪುಟ್ಟ ಪೆಟ್ಟಿಗೆಯನ್ನು ಇಟ್ಟದ್ದು ಇನ್ನೊಂದು, ಅದು ಕಾಂಪೊನೆಂಟ್. ಆ ಸಣ್ಣ ಸ್ಪೀಕರಿಗೆ ಟ್ವೀಟರ್ ಎಂದು ಹೆಸರು. ನಾಲ್ಕಾಣೆಯಷ್ಟು ಅಗಲದ ಆ ಗುಬ್ಬಿಯೇ ನಮ್ಮ ಸಕಾರದ ಒಡೆಯ. ಮೊಣಕಾಲಿನ ಬಳಿಯಿಂದ ಅದನ್ನು ಎತ್ತಿ ಮುಖದ ಮಟ್ಟಕ್ಕೆ ತಂದರೆ ಅರ್ಧ ಕಾರ್ಯ ಸಾಧಿಸಿದಂತೆ.

ಇಲ್ಲಿ ನನಗೊಂದು ಸೋಜಿಗ ಕಾದಿತ್ತು. ನಮ್ಮ ಕಾರಿನ ಪಕ್ಕದ ಕನ್ನಡಿಯ ಬುಡದಲ್ಲಿ, ಒಳಮಗ್ಗುಲಿಗೆ, ಒಂದು ತ್ರಿಕೋನವಾದ ಪ್ಲಾಸ್ಟಿಕ್ ತುಂಡಿದೆ. ಅದರಲ್ಲಿ ಅಂದವಾದ ಜಾಲರಿಯೂ ಇದೆ. ಇಷ್ಟು ದಿನ ಅದರಿಂದ ದನಿ ಬರುತ್ತಿದೆಯೆಂದೇ ನಾನು ನಂಬಿದ್ದೆ. ಬಿಚ್ಚಿ ನೋಡಿದರೆ ಹಿಂದೆ ಏನೂ ಇಲ್ಲ! ದುಬಾರಿ ಮಾದರಿಯಲ್ಲಿ ಅಲ್ಲಿ ಟ್ವೀಟರ್ ಇರುತ್ತದಂತೆ. ನಮ್ಮದು ಅಗ್ಗದ ಮಾದರಿಯಾದ್ದರಿಂದ ಗುಡಿಯುಂಟು, ದೇವರಿಲ್ಲ. ತಮ್ಮ ಕಾರಿನಲ್ಲೂ ಹೀಗಿರಬಹುದು, ನೋಡಿ. ಇದ್ದರೆ ಅದು ಭಾಗ್ಯವೇ ಸರಿ: ದೇವರನ್ನು ತಂದು ಕೂರಿಸಿದರಾಯಿತು, ಗುಡಿಯ ಹೊರರೂಪ ಕೂದಲೆಳೆಯಷ್ಟೂ ಬದಲಾಗದು. ಅಂಥ ಜಾಗವಿಲ್ಲದವರು ಕೋಆಕ್ಸಿಯಲ್ ಬಗೆಯನ್ನು ಕೊಂಡು, ನಡುವಣ ಟ್ವೀಟರನ್ನು ತಿರುಗಿಸಿ ಮೇಲ್ಮುಖ ಮಾಡಬಹುದಾದದ್ದನ್ನು ಆರಿಸಿದರೆ ಜಾಣತನ.

ಬಾಗಿಲು ಬಿಚ್ಚುವಾಗ

ಕೈಪಳಗಿದವರಿಗೆ ಇದು ಒಂದು ಮಧ್ಯಾಹ್ನದ ಕೆಲಸ. ಪಳಗದವರು ಬಲ್ಲ ಮೆಕ್ಯಾನಿಕ್ಕನ್ನು ಕರೆದು, ತಾವು ಪಕ್ಕದಲ್ಲಿ ನಿಲ್ಲುವುದು ಉತ್ತಮ. ಕಾರು ವಾರಂಟಿಯ ಅವಧಿಯಲ್ಲಿದ್ದರೆ ಅದರ ಷರತ್ತುಗಳನ್ನು ಮೊದಲು ಓದಿಕೊಳ್ಳಿ.

ಕೀಲಿಯನ್ನು ತೆಗೆದು, ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿ, ಕೆಲವು ನಿಮಿಷ ಬಿಟ್ಟು ಕೆಲಸ ತೊಡಗಬೇಕು. ಗಾಳಿಚೀಲದ, ಎಂದರೆ ಏರ್‌ಬ್ಯಾಗಿನ ತಂತಿಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಇರುತ್ತದೆ. ಹಳದಿ ಕಂಡಲ್ಲಿ ಕೈ ಹಿಂದೆಗೆಯಿರಿ. ಕೆಲವು ಕಾರುಗಳಲ್ಲಿ ಡಿಕ್ಕಿಯನ್ನು ಅರಿಯುವ ಸಂವೇದಕ ಬಾಗಿಲೊಳಗೇ ಇರುತ್ತದೆ; ಬಾಗಿಲೊಳಗಣ ಗಾಳಿಯ ಒತ್ತಡದಿಂದ ಅದು ಅಪಾಯವನ್ನು ತಿಳಿಯುತ್ತದೆ. ಅಂಥ ಕಾರಿನಲ್ಲಿ ಬಾಗಿಲಿನ ತೂತುಗಳನ್ನು ಮುಚ್ಚುವ ಮುನ್ನ ತಯಾರಕರ ಸೇವಾಕೇಂದ್ರದಲ್ಲಿ ವಿಚಾರಿಸಲೇಬೇಕು. ಸಂಗೀತಕ್ಕಾಗಿ ಪ್ರಾಣವನ್ನು ಒತ್ತೆಯಿಡುವುದು ಬೇಡ.

ಒಳಹಲಗೆಯನ್ನು ಹಿಡಿದಿರುವ ತಿರುಪುಗಳು ಹಿಡಿಕೆಯ ಹಿಂದೆ, ಗುಂಡಿಯ ಮುಚ್ಚಳದ ಕೆಳಗೆ ಅಡಗಿರುತ್ತವೆ. ಸುತ್ತಲೂ ಪ್ಲಾಸ್ಟಿಕ್ಕಿನ ಗುಬುಟುಗಳಿರುತ್ತವೆ. ಕಬ್ಬಿಣದ ತಿರುಪುಳಿಯಿಂದ ಮೀಟಿದರೆ ಗಾಯವಾಗುತ್ತದೆ. ಪ್ಲಾಸ್ಟಿಕ್ಕಿನ ಚಪ್ಪಟೆ ಮೀಟುಗೋಲು ಬಳಸಿ. ಹಲಗೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಇದೇ ಹಿಂದೆ ನಾನು ಕಳೆದುಕೊಂಡ ಹಾಳೆ! ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲೊಳಗೆ ಇಳಿದು ಕೆಳಗಣ ರಂಧ್ರಗಳಿಂದ ಹೊರಹೋಗುವಂತೆ, ಕಾರಿನ ಒಳಕ್ಕೆ ಬಾರದಂತೆ ಕಾಯುವುದು ಅದೇ. ಮೆಲ್ಲನೆ ಬಿಡಿಸಿ, ಕೆಲಸ ಮುಗಿದ ಮೇಲೆ ಮತ್ತೆ ಅಂಟಿಸಬೇಕು.

ಹೊಸ ಸ್ಪೀಕರಿನ ತೂತುಗಳು ಹಳೆಯದರ ತೂತುಗಳಿಗೆ ಹೊಂದುವುದು ಅಪರೂಪ. ಆಯಾ ಕಾರಿಗೆಂದೇ ಮಾಡಿದ ನಡುವಣ ಉಂಗುರಗಳು ಸಿಗುತ್ತವೆ. ನೀರು ಕುಡಿಯದ ಗಟ್ಟಿ ಪ್ಲಾಸ್ಟಿಕ್ಕಿನದನ್ನು ಕೊಳ್ಳಿ. ಉಂಗುರಕ್ಕೂ ಬಾಗಿಲಿನ ತಗಡಿಗೂ ನಡುವೆ ಸ್ಪಂಜಿನ ಪಟ್ಟಿ ಅಂಟಿಸಿ ಭದ್ರವಾಗಿ ಬಿಗಿಯಬೇಕು. ತಂತಿಗೂ ಹೀಗೆಯೇ ಒಂದು ತುದಿ ಕಾರಿನ ಕೊಂಡಿಗೆ, ಮತ್ತೊಂದು ತುದಿ ಹೊಸ ಸ್ಪೀಕರಿಗೆ ಹೊಂದುವ ಜೋಡುಕೊಂಡಿಗಳು ಸಿಗುತ್ತವೆ. ಅಲ್ಪ ಬೆಲೆಯ ಈ ವಸ್ತುವೊಂದರಿಂದ ಕತ್ತರಿಗೆ ಕೆಲಸವೇ ಇಲ್ಲವಾಗುತ್ತದೆ.

ಧನ ಋಣಗಳು ತಪ್ಪಬಾರದು. ಒಂದು ಬಾಗಿಲಿನ ಶಂಕು ಮುಂದೆ ಬರುವಾಗ ಇನ್ನೊಂದು ಬಾಗಿಲಿನದು ಹಿಂದೆ ಹೋದರೆ ಒಂದರ ದುಡಿಮೆಯನ್ನು ಇನ್ನೊಂದು ಅಳಿಸಿ, ಮಂದ್ರಸ್ವರ ಬಡವಾಗುತ್ತದೆ. ಸಂದೇಹ ಬಂದರೆ ದೊಡ್ಡ ಸ್ಪೀಕರನ್ನು ಬಿಡಿಯಾಗಿಟ್ಟುಕೊಂಡು, ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ ನೋಡಿ. ಧನಕ್ಕೆ ಧನ ಸೇರಿದ್ದರೆ ಶಂಕು ಹೊರಕ್ಕೆ ಪುಟಿಯುತ್ತದೆ. ಟ್ವೀಟರಿಗೆ ಮಾತ್ರ ಈ ಪರೀಕ್ಷೆ ಮಾಡಬೇಡಿ.

ಬಾಗಿಲೇ ಪೆಟ್ಟಿಗೆ

ಬಹಳ ಜನ ಇಲ್ಲಿಗೆ ನಿಲ್ಲಿಸಿ, ಹೊಸ ಸ್ಪೀಕರು ಹಳೆಯದಕ್ಕಿಂತ ತೆಳ್ಳಗೆ ನುಡಿಯುತ್ತದೆಯೆಂದು ಕೊರಗುತ್ತಾರೆ. ಏಕೆ ಗೊತ್ತೆ? ಶಂಕುವಿನ ಮುಂದೆ ಎಷ್ಟು ಶಬ್ದ ಹುಟ್ಟುತ್ತದೆಯೋ ಬೆನ್ನ ಹಿಂದೆಯೂ ಅಷ್ಟೇ ಹುಟ್ಟುತ್ತದೆ, ಆದರೆ ತಲೆಕೆಳಗಾಗಿ. ಎರಡೂ ಕೂಡಿಕೊಂಡರೆ ಒಂದನ್ನೊಂದು ತಿಂದುಹಾಕುತ್ತವೆ. 100 ಕಂಪನಗಳ ಮಂದ್ರಸ್ವರದ ಅಲೆ ಮೂರು ಮೀಟರಿಗೂ ಉದ್ದ. ಬಾಗಿಲಿನ ಒಳತಗಡಿನಲ್ಲಿರುವ ತೂತುಗಳನ್ನು ಬಳಸಿ ಮುಂದಕ್ಕೆ ಬರುವುದು ಅದಕ್ಕೆ ಲೆಕ್ಕವೇ ಅಲ್ಲ. ಮನೆಯ ಹಳೆಯ ರೇಡಿಯೋ ಚೆನ್ನಾಗಿ ನುಡಿಯುವುದಕ್ಕೆ ಅದರ ಮರದ ಪೆಟ್ಟಿಗೆಯೂ ಕಾರಣ. ಕಾರಿನಲ್ಲಿ ಬಾಗಿಲೇ ಆ ಪೆಟ್ಟಿಗೆ. ಆದರೆ ಅದು ತೂತು ಬಿದ್ದ, ತೆಳು ತಗಡಿನ ಪೆಟ್ಟಿಗೆ.

ಪರಿಹಾರ ಸುಲಭ. ಬ್ಯೂಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪಟ್ಟಿಗಳು ಸಿಗುತ್ತವೆ. ಹೊರತಗಡಿನ ಒಳಮೈಗೆ, ಸ್ಪೀಕರಿನ ಹಿಂಬದಿಗೆ ಬರುವಂತೆ, ಸುಮಾರು ಕಾಲುಭಾಗದಷ್ಟು ಜಾಗಕ್ಕೆ ಅಂಟಿಸಿದರೆ ತಗಡಿನ ಝಣಝಣ ಅಡಗುತ್ತದೆ. ಒಳತಗಡಿನ ದೊಡ್ಡ ತೂತುಗಳನ್ನು ಅದರಿಂದಲೇ ಮುಚ್ಚಬಹುದು. ಬೀಗದ ಸಲಾಕೆ, ಗಾಜಿನ ಯಂತ್ರ ಸರಾಗವಾಗಿ ಆಡಬೇಕು. ಬಾಗಿಲಿನ ತಳದ ನೀರಿನ ರಂಧ್ರಗಳನ್ನು ಎಂದಿಗೂ ಮುಚ್ಚಬಾರದು. ಡಾಂಬರಿನ ಪಟ್ಟಿಗಳು ಅಗ್ಗ, ಆದರೆ ಬೇಸಿಗೆಯಲ್ಲಿ ಇಳಿದು ವಾಸನೆ ಹೊಡೆಯುತ್ತವೆ. ಈ ಕೆಲಸದಿಂದ ಇನ್ನೊಂದು ಲಾಭ: ಹೊರಗಿನ ಗದ್ದಲವೂ ಕಡಿಮೆಯಾಗುತ್ತದೆ. ಹೆದ್ದಾರಿಯಲ್ಲಿ ಕಾರಿನೊಳಗಣ ಗದ್ದಲವೇ 70 ಡೆಸಿಬೆಲ್ಲಿನ ಆಸುಪಾಸಿರುತ್ತದೆ. ಅದು ಇಳಿದಷ್ಟೂ ರೇಡಿಯೋವನ್ನು ಕೂಗಿಸಬೇಕಾದ ಅಗತ್ಯ ಇಳಿಯುತ್ತದೆ. ಹಣ ಮಿತವಾಗಿದ್ದರೆ ಸ್ಪೀಕರಿನಲ್ಲಿ ಒಂದು ಮೆಟ್ಟಿಲು ಇಳಿಯಿರಿ, ಬಾಗಿಲಿನ ಕೆಲಸವನ್ನು ಬಿಡಬೇಡಿ ಎಂದು ನಾನು ಹೇಳಬಯಸುತ್ತೇನೆ.

ಆಂಪ್ಲಿಫೈಯರಿನ ಮಾತು. ಮಾತು ಮತ್ತು ಮಿತವಾದ ಸಂಗೀತ ಕೇಳುವವರಿಗೆ ಅದು ಅಗತ್ಯವಿಲ್ಲ. ಬೇಕೆಂದವರು ಕಾರಿನ ರೇಡಿಯೋವನ್ನು ಹಾಗೆಯೇ ಉಳಿಸಿಕೊಂಡು, ಅದರ ಸ್ಪೀಕರು ತಂತಿಯಿಂದಲೇ ಶಬ್ದವನ್ನು ಪಡೆಯುವ ಪುಸ್ತಕದಷ್ಟು ಗಾತ್ರದ ಆಂಪ್ಲಿಫೈಯರನ್ನು ಸೀಟಿನ ಕೆಳಗೆ ಅಡಗಿಸಬಹುದು. ಬ್ಯಾಟರಿಯಿಂದ ಬರುವ ತಂತಿಗೆ ಬ್ಯಾಟರಿಯ ಬಳಿಯಲ್ಲೇ ಫ್ಯೂಸು ಇರಬೇಕು. ಇಲ್ಲವಾದರೆ ತಂತಿ ಎಲ್ಲಾದರೂ ಸವೆದು ತಗಡಿಗೆ ತಾಗಿದಾಗ ಬೆಂಕಿಯ ಭಯವುಂಟು.

ಪರೀಕ್ಷೆ

ಅಂಗಡಿಯಲ್ಲಿ ಹೊಸ ಸ್ಪೀಕರನ್ನು ಪರೀಕ್ಷಿಸಲು ಅಬ್ಬರದ ಹಾಡನ್ನು ಹಾಕುತ್ತಾರೆ. ಅದರಲ್ಲಿ ಎಲ್ಲ ಸ್ಪೀಕರುಗಳೂ ಶೂರರೇ. ಮನುಷ್ಯನ ಮಾತನ್ನು ಕೇಳಿಸಿಕೊಳ್ಳಿ, ಅದೂ ಪರಿಚಿತ ದನಿಯನ್ನು. ವಾರ್ತೆ ಓದುವವರ ಶ, ಸಗಳು ಬೇರೆಬೇರೆಯಾಗಿ ಕೇಳಿಸುತ್ತವೆಯೆ? ಮಹಾಪ್ರಾಣದ ಉಸಿರು ಉಳಿದಿದೆಯೆ? ಹಾಡುವವರ ಎದೆಯ ದನಿ ಗಡಿಗೆಯೊಳಗಿನಿಂದ ಬಂದಂತಿದೆಯೆ, ಎದುರಿನಿಂದ ಬಂದಂತಿದೆಯೆ? ಸಕಾರ ತೀರ ಚುಚ್ಚಿದರೆ ತಾರವನ್ನು ಒಂದೆರಡು ಮೆಟ್ಟಿಲು ಇಳಿಸಿ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದಂದಿನಿಂದ ನಮ್ಮ ನಾಡಿನಲ್ಲಿ ರೇಡಿಯೋ ಎಂದರೆ ಮೊದಲು ಮಾತು. ಮಾತು ತಿಳಿಯದ ರೇಡಿಯೋ ಎಷ್ಟು ಗುಡುಗಿದರೇನು?

ಗುಡುಗುವುದಕ್ಕೂ ಮಿತಿಯುಂಟು. ವಾರಕ್ಕೆ 40 ಗಂಟೆ ಕೇಳುವವರು 80 ಡೆಸಿಬೆಲ್ಲನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪಕ್ಕದಲ್ಲಿ ಕುಳಿತವರೊಡನೆ ದನಿಯೇರಿಸದೆ ಮಾತನಾಡಲು ಸಾಧ್ಯವಾದರೆ, ಹಿಂದಿನಿಂದ ಬರುವ ಆಂಬುಲೆನ್ಸಿನ ಕೂಗು ಕೇಳಿಸಿದರೆ, ತಾವು ಮಿತಿಯಲ್ಲಿದ್ದೀರೆಂದು ತಿಳಿಯಬಹುದು.

ನಮ್ಮ ಆಲಂಕಾರಿಕರು ಕಾವ್ಯದಲ್ಲಿ 'ಧ್ವನಿ' ಎಂಬುದೊಂದನ್ನು ಹೇಳಿದ್ದಾರೆ. ಒಂಬತ್ತನೆಯ ಶತಮಾನದ ಆನಂದವರ್ಧನ ಅದನ್ನೇ ಕಾವ್ಯದ ಆತ್ಮವೆಂದ. ಅದೇ ಶತಮಾನದ ನಮ್ಮ ಕವಿರಾಜಮಾರ್ಗವೂ ಧ್ವನಿಯನ್ನು ಹೆಸರಿಸುತ್ತದೆ. ಮಾತಿನ ಹೊರರೂಪದಲ್ಲಿ ಕಾಣದೆ ಒಳಗಿನಿಂದ ಹೊಳೆಯುವ ಅರ್ಥ ಅದು. ತರಗತಿಯಲ್ಲಿ ಇದನ್ನು ವಿವರಿಸುವಾಗ ಈಗೀಗ ನನಗೆ ಕಾರಿನ ಬಾಗಿಲು ನೆನಪಾಗಿ ನಗು ಬರುತ್ತದೆ. ಅದೇ ಜಾಲರಿ, ಅದೇ ಹಲಗೆ, ಅದೇ ಬೂದುಬಣ್ಣ. ನೋಡುವವರಿಗೆ ಏನೂ ಬದಲಾಗಿಲ್ಲ.

ಕೆಲಸ ಮುಗಿದ ಮೇಲೆ ತಾಯಿಯವರಿಗೆ ಏನನ್ನೂ ಹೇಳದೆ ಮತ್ತೆ ನಂಜನಗೂಡಿನ ದಾರಿ ಹಿಡಿದೆ. ಅಂದು ಗಮಕವಿರಲಿಲ್ಲ, ಕೃಷಿಯ ಬಗೆಗೆ ಯಾರೋ ಮಾತನಾಡುತ್ತಿದ್ದರು. ಅರ್ಧ ದಾರಿ ಕಳೆದಿರಬಹುದು. "ಅವರು ಹೇಳೋದು ಸರಿಯಲ್ಲ. ಶೇಂಗಾ ಬಿತ್ತೋದು ಅಷ್ಟು ತಡವಾಗಿ ಅಲ್ಲ" ಎಂದರು ತಾಯಿಯವರು. ಶಕಾರ ಶಕಾರವಾಗಿಯೇ ತಲುಪಿತ್ತು. ಕಿವಿಯ ವೈದ್ಯರ ಬಳಿಗೂ ಅವರನ್ನು ಕರೆದೊಯ್ದೆ. ಕಿವಿಗೆ ಬೇಕಾದ ಚಿಕಿತ್ಸೆಯನ್ನು ಸ್ಪೀಕರು ಕೊಡಲಾರದು. ತಮ್ಮ ಮನೆಯ ಹಿರಿಯರು ಕಾರಿನಲ್ಲಿ ಮಾತು ನಿಲ್ಲಿಸಿ ಕಣ್ಣು ಮುಚ್ಚಿಕೊಂಡರೆ, ನಿದ್ದೆಯೆಂದು ತಿಳಿಯುವ ಮುನ್ನ ಒಮ್ಮೆ ಬಾಗಿಲಿನ ಕಡೆಗೂ ನೋಡಿ.

ಹಳೆಯ ಸ್ಪೀಕರುಗಳನ್ನು ಬಟ್ಟೆಯಲ್ಲಿ ಸುತ್ತಿ, 'ಎಡ', 'ಬಲ' ಎಂದು ಚೀಟಿ ಅಂಟಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ. ಕಾರನ್ನು ಮಾರುವ ದಿನ ಬಂದರೆ ಅವು ತಮ್ಮ ಜಾಗಕ್ಕೆ ಮರಳುತ್ತವೆ. ಕೊಳ್ಳುವವನು ಬೆರಳು ತೋರಿಸುವಂಥ ತೂತು ಈ ಬಾರಿ ಎಲ್ಲಿಯೂ ಇರುವುದಿಲ್ಲ.